ಹೆಸರು ಬಿಡಿ, ಸರ್ವೆ ನಂಬರ್ ಹಿಡಿಯಿರಿ

ನಮ್ಮ ಬೆಳಗೋಡು ಕಡೆಯಿಂದ ಬೆಂಗಳೂರು, ಮೈಸೂರು ಸೇರಿದವರಿಗೆ ಈಗ ವಂಶದ ಮೂಲ ಹುಡುಕುವ ಆಸೆ ಹುಟ್ಟಿದೆ. ಒಳ್ಳೆಯದೇ. ‘ನದಿ ಮೂಲ, ಋಷಿ ಮೂಲ ಹುಡುಕಬಾರದು’ ಅಂತ ಹಿರಿಯರು ಹೇಳಿದ್ದು ನದಿಗೆ, ಋಷಿಗೆ. ಒಕ್ಕಲುಮನೆಯ ಮೂಲ ಹುಡುಕಬೇಡಿ ಅಂತ ಯಾರೂ ಹೇಳಿಲ್ಲ. ಆದರೆ ನೀವು ಹೊರಡುವ ರೀತಿ ನೋಡಿದರೆ ನಾಲ್ಕು ಮಾತು ಬೈಯಬೇಕು ಅನ್ನಿಸುತ್ತದೆ. ಹಬ್ಬಕ್ಕೆ ಊರಿಗೆ ಬಂದವರು ಅದೇ ರಜೆಯಲ್ಲಿ ಅರ್ಧ ದಿನ ಉಳಿಸಿಕೊಂಡು ಸಕಲೇಶಪುರದ ತಾಲೂಕು ಕಚೇರಿಗೆ ಹೋಗುತ್ತೀರಿ. ‘ನಮ್ಮ ಮುತ್ತಾತ ರಂಗೇಗೌಡರ ದಾಖಲೆ ಬೇಕಿತ್ತು’ ಅನ್ನುತ್ತೀರಿ. ಯಾವ ರಂಗೇಗೌಡರು? ತಾತನ ಹೆಸರು ಮೊಮ್ಮಗನಿಗೆ ಇಡುವ ಸೀಮೆಯಿದು. ಒಂದೇ ಮನೆಯಲ್ಲಿ ಇಬ್ಬರು, ಒಂದೇ ಊರಿನಲ್ಲಿ ಐದಾರು ಜನ ಅದೇ ಹೆಸರಿನವರು ಸಿಗುತ್ತಾರೆ. ಗುಮಾಸ್ತರು ತಲೆ ಕೆರೆದುಕೊಳ್ಳುತ್ತಾರೆ. ನೀವು ‘ಈ ಆಫೀಸಿನವರು ಏನೂ ಕೊಡಲ್ಲ’ ಅಂತ ಗೊಣಗುತ್ತಾ ವಾಪಸು ಬರುತ್ತೀರಿ.

ಇದೊಂದು ಸಂಗತಿ ಮೊದಲು ತಲೆಗೆ ಹಾಕಿಕೊಳ್ಳಿ. ನಮ್ಮ ಸರ್ಕಾರಿ ಕಾಗದಗಳು ಮನೆತನದ ಹೆಸರಿನ ಮೇಲೆ ಕಟ್ಟಿದವಲ್ಲ. ಊರು, ಸರ್ವೆ ನಂಬರ್, ವರ್ಷದ ಮೇಲೆ ಕಟ್ಟಿದವು. ಕಂದಾಯ ವಸೂಲಿ ಮಾಡುವವರಿಗೆ ನಿಮ್ಮ ವಂಶದಿಂದ ಆಗಬೇಕಾದ್ದೇನೂ ಇರಲಿಲ್ಲ. ಗದ್ದೆಗೆ ಯಾರು ಜವಾಬ್ದಾರರು ಅನ್ನುವುದಷ್ಟೇ ಬೇಕಿತ್ತು. ಹಾಗಾಗಿ ಹೆಸರು ಹಿಡಿದು ಹೋದವರಿಗೆ ಸಿಗದ ಅಜ್ಜ, ಗದ್ದೆ ಹಿಡಿದು ಹೋದವರಿಗೆ ಸಿಗುತ್ತಾರೆ.

ಮನೆ ಗೆದ್ದು ಮಾರು ಗೆಲ್ಲಿ. ಅಟ್ಟದ ಮೇಲಿನ ಟ್ರಂಕು ಇಳಿಸಿ. ಕಂದಾಯ ಕಟ್ಟಿದ ರಸೀದಿ, ಪಾಲುಪಟ್ಟಿ, ಸಾಗುವಳಿ ಚೀಟಿ, ತೋಟವಿದ್ದವರ ಮನೆಯಲ್ಲಿ ಕಾಫಿ ಬೋರ್ಡಿನ ಪೂಲ್‌ಗೆ ಹಾಕಿದ ಕಾಫಿಯ ಚೀಟಿ, ತೋಟದ ನೋಂದಣಿಯ ಆರ್.ಸಿ. ನಂಬರಿನ ಕಾಗದ, ಎಲ್ಲವನ್ನೂ ಬೇರೆಬೇರೆ ಇಡಿ. ಜೊತೆಗೆ ಮದುವೆಯ ಮುಯ್ಯಿ ಪುಸ್ತಕ ಹುಡುಕಿ. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ನನಗೆ ಅದೇ ಸಿಟ್ಟು. ಯಾವ ಊರಿನ ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಸಾಲುಸಾಲಾಗಿ ಬರೆದಿಟ್ಟ ಪುಸ್ತಕ ಅದು. ಅಜ್ಜಿಯ ತವರು ಯಾವುದು, ಅತ್ತೆಯರನ್ನು ಯಾವೂರಿಗೆ ಕೊಟ್ಟಿದ್ದರು, ಆಲೂರು ಕಡೆಯ ನೆಂಟರು ಯಾರು ಅನ್ನುವುದು ಅಲ್ಲಿದೆ. ಹೆಣ್ಣುಮಕ್ಕಳ ಕಡೆಯ ನೆಂಟಸ್ತಿಕೆಯನ್ನು ಅಷ್ಟು ಚೆನ್ನಾಗಿ ಹೇಳುವ ಕಾಗದ ಯಾವ ಸರ್ಕಾರಿ ಕಚೇರಿಯಲ್ಲೂ ಇಲ್ಲ. ಹಳೇ ಲಗ್ನಪತ್ರಿಕೆಗಳನ್ನೂ ಎಸೆಯಬೇಡಿ.

ಆಮೇಲೆ ಹಿರಿಯರ ಹತ್ತಿರ ಕೂರಿ. ‘ನಮ್ಮ ವಂಶದ ಬಗ್ಗೆ ಹೇಳಿ’ ಅಂತ ಮೊಬೈಲು ಮುಂದೆ ಹಿಡಿದರೆ ಅವರು ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡುತ್ತಾರೆ. ‘ದೊಡ್ಡಜ್ಜಿ ಯಾವೂರಿಂದ ಬಂದವರು? ಸುಗ್ಗಿಯಲ್ಲಿ ನಮ್ಮ ಮನೆಯ ಸರದಿ ಯಾವುದು? ಮನೆದೇವರಿಗೆ ನಮ್ಮ ಜೊತೆ ಇನ್ಯಾರು ಒಕ್ಕಲು? ಕೆಳಗಿನ ಗದ್ದೆ ಮೊದಲು ಯಾರದಾಗಿತ್ತು?’ ಅಂತ ಸಣ್ಣಸಣ್ಣದು ಕೇಳಿ. ಕಾಫಿ ಕುಯ್ಲಿನ ದಿನಗಳಲ್ಲಿ ಹೋಗಿ ಪೀಡಿಸಬೇಡಿ. ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಮಳೆಗಾಲದ ಸಂಜೆ ಒಲೆಯ ಮುಂದೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ಹೆಳವರು ಬಂದು ನಿಮ್ಮ ಮನೆತನದ ಪೀಳಿಗೆ ಹೇಳಿ ಹೋಗುತ್ತಿದ್ದರು ಅಂತ ಅವರಿಗೇನಾದರೂ ನೆನಪಿದ್ದರೆ, ಯಾವ ಕಡೆಯಿಂದ ಬರುತ್ತಿದ್ದರು ಅಂತ ಕೇಳಿಟ್ಟುಕೊಳ್ಳಿ. ಆ ಹೆಳವರ ಮನೆತನದವರು ಇನ್ನೂ ಪುಸ್ತಕ ಇಟ್ಟುಕೊಂಡಿರಬಹುದು.

ಈಗ ಕಚೇರಿಗೆ ಹೊರಡಿ. ಇವತ್ತಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದದ್ದು 2000ದ ಸುಮಾರಿಗೆ. ಅದರ ಆಚೆಗೆ ಕೈಬರಹದ ಪಹಣಿ, ಅದರ ಆಚೆಗೆ ಜಮೀನಿನ ಹಕ್ಕು ದಾಖಲೆಯ ಐಎಲ್‌ಆರ್‌ಆರ್ ಪುಸ್ತಕ. ಪಹಣಿಗಿಂತ ಮ್ಯುಟೇಷನ್ ಪುಸ್ತಕ ಮುಖ್ಯ. ಯಾರು ತೀರಿಕೊಂಡರು, ಖಾತೆ ಯಾರಿಗೆ ಬಂತು, ಪೌತಿಯಿಂದಲೋ ವಿಭಾಗದಿಂದಲೋ ಕ್ರಯದಿಂದಲೋ ಅನ್ನುವುದು ಅಲ್ಲಿರುತ್ತದೆ. ‘ಬಿನ್’ ಅಂತಿದ್ದರೆ ಅದರ ಮುಂದೆ ಅಪ್ಪನ ಹೆಸರು, ‘ಕೋಂ’ ಅಂತಿದ್ದರೆ ಗಂಡನ ಹೆಸರು. ಒಂದು ಬಿನ್‌ನಿಂದ ಇನ್ನೊಂದು ಬಿನ್‌ಗೆ ಹೋದರೆ ಮೂರು ತಲೆಮಾರು ದಾಟಿದಿರಿ. ಹಳೇ ದಾಖಲೆ ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ 2024ರಿಂದ ತಾಲೂಕು ಕಚೇರಿಗಳಲ್ಲಿ ನಡೆದಿದೆ. ನಿಮ್ಮ ಊರಿನದು ಆಗಿದೆಯೇ ಅಂತ ಮೊದಲು ವಿಚಾರಿಸಿ, ಸುಮ್ಮನೆ ದೂಳು ಎಬ್ಬಿಸಬೇಡಿ.

ಸಬ್‌ರಿಜಿಸ್ಟ್ರಾರ್ ಕಚೇರಿಯನ್ನು ಮರೆಯಬೇಡಿ. ಋಣಭಾರ ಪತ್ರ ಕಂಪ್ಯೂಟರಿನಲ್ಲಿ ಸಿಗುವುದು 2004ರಿಂದ ಈಚಿನದು. ಅದಕ್ಕೆ ಹಿಂದಿನದು ಬೇಕಾದರೆ ಅರ್ಜಿ ಕೊಟ್ಟು ಹಳೇ ಪುಸ್ತಕ ತೆಗೆಸಬೇಕು. ಒಂದು ನೋಂದಾಯಿತ ವಿಭಾಗಪತ್ರ ಸಿಕ್ಕಿತೋ, ಅಣ್ಣತಮ್ಮಂದಿರು, ಅವರ ವಯಸ್ಸು, ಚಕ್ಕುಬಂದಿ, ಸಾಕ್ಷಿ ಹಾಕಿದ ನೆಂಟರು ಎಲ್ಲ ಒಟ್ಟಿಗೆ ಸಿಕ್ಕಿದ ಹಾಗೆ. ಮನೆಯಲ್ಲಿ ಯಾವಾಗಲೋ ಪಾಲಿಗೆ ದಾವಾ ನಡೆದಿತ್ತೇ? ನಾಚಿಕೆಪಡಬೇಡಿ. ದಾವಾ ಅರ್ಜಿಯ ಜೊತೆ ವಂಶಾವಳಿ ಕೊಡಬೇಕಿತ್ತು. ಜಗಳ ಆಡಿದವರೇ ನಿಮಗೆ ಉಪಕಾರ ಮಾಡಿ ಹೋಗಿದ್ದಾರೆ.

ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷವೇ ಮನೆತನದ ಚರಿತ್ರೆ ಅಂದುಕೊಳ್ಳಬೇಡಿ. ಅದು ಖಾತೆ ಬದಲಾವಣೆಗೆ, ಪರಿಹಾರಕ್ಕೆ ಮಾಡಿಸುವ ಕಾಗದ. ಹಳೆಯವುಗಳಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟೋ ಸಲ ಬಿಟ್ಟೇ ಹೋಗಿದೆ, ಮರೆತು ಬಿಟ್ಟದ್ದಲ್ಲ ಅಂತ ನಿಮಗೂ ಗೊತ್ತು. ನೀವು ಬರೆಯುವ ವಂಶವೃಕ್ಷದಲ್ಲಿ ಆ ಕೆಲಸ ಮಾಡಿದರೆ ನಾನು ಸುಮ್ಮನಿರುವುದಿಲ್ಲ. ಕೊಟ್ಟ ಮನೆಯ ಊರಿನ ಸಮೇತ ಬರೆಯಿರಿ. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳನ್ನೂ ಬರೆಯಿರಿ.

ಜಮೀನಿಲ್ಲದ ಮನೆಯವರು ‘ನಮಗೆ ಯಾವ ದಾಖಲೆ’ ಅಂತ ಕೈಚೆಲ್ಲಬೇಕಾಗಿಲ್ಲ. ತೋಟಿ, ತಳವಾರಿಕೆಯ ಇನಾಂ ಜಮೀನುಗಳಿದ್ದ ಮನೆಗಳ ಹೆಸರುಗಳು ಕಂದಾಯದ ಪುಸ್ತಕಗಳಲ್ಲಿವೆ. ಆ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದಾಗ ಜಮೀನು ಮರಳಿ ಮಂಜೂರು ಮಾಡಿದ ಕಡತಗಳೂ ಇವೆ. ದರಖಾಸ್ತು ಕೊಟ್ಟ ಕಡತ, ಗೇಣಿಯವರು ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ಮೇಲೆ ಕೊಟ್ಟ ಫಾರಂ 7 ಅರ್ಜಿ, ಭೂ ನ್ಯಾಯಮಂಡಳಿಯ ಹೇಳಿಕೆಗಳು, ಇವುಗಳಲ್ಲಿ ಬಡವರ ಮಾತು ಅವರ ಬಾಯಲ್ಲೇ ದಾಖಲಾಗಿದೆ. ಘಟ್ಟದ ಕೆಳಗಿನಿಂದ, ತಮಿಳುನಾಡಿನ ಕಡೆಯಿಂದ ತೋಟಕ್ಕೆ ಬಂದವರ ಮಕ್ಕಳು ಎಸ್ಟೇಟಿನ ಮಸ್ಟರ್ ರೋಲ್ ಕೇಳಬೇಕು. ಕ್ರೈಸ್ತರಾದರೆ ಚರ್ಚಿನ ಜ್ಞಾನಸ್ನಾನ, ಮದುವೆಯ ಪುಸ್ತಕ ಇದ್ದೇ ಇದೆ. ಶಾಲೆಯ ದಾಖಲಾತಿ ಪುಸ್ತಕ ಎಲ್ಲರಿಗೂ ಉಂಟು. ಆದರೆ ಅಲ್ಲಿರುವ ಹುಟ್ಟಿದ ದಿನವನ್ನು ಕಣ್ಣುಮುಚ್ಚಿ ನಂಬಬೇಡಿ. ನಮ್ಮ ಹಳ್ಳಿಗಳಲ್ಲಿ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು! ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸಿಗೆ ಹೊಂದಿಸಿ ಬರೆದದ್ದು ಅದು.

ಊರೇ ಸಿಗದಿದ್ದರೆ? ಗೊರೂರಿನ ಹೇಮಾವತಿ ಜಲಾಶಯದಲ್ಲಿ ಆಲೂರು ಕಡೆಯ ಎಷ್ಟೋ ಹಳ್ಳಿಗಳು ಮುಳುಗಿವೆ. ಆ ಮನೆಗಳವರು ಹಾಸನದ ಭೂಸ್ವಾಧೀನ ಕಚೇರಿಯ ಪರಿಹಾರದ ಕಡತ ಮತ್ತು ಹೇಮಾವತಿ ಜಲಾಶಯ ಯೋಜನೆಯ (ಎಚ್‌ಆರ್‌ಪಿ) ಜಮೀನು ಕೊಟ್ಟ ಕಾಗದ ನೋಡಬೇಕು. ಹಳೇ ಹೆಸರುಗಳೂ ತಿಳಿದಿರಲಿ: ಸಕಲೇಶಪುರ ತಾಲೂಕು ಹಿಂದೆ ಮಂಜರಾಬಾದು ತಾಲೂಕು, ಆಲೂರು ಹಾಸನಕ್ಕೆ ಸೇರಿದ ಉಪತಾಲೂಕು. 1882ರಲ್ಲಿ ಹಾಸನ ಜಿಲ್ಲೆಯನ್ನೇ ತೆಗೆದು ಮೈಸೂರಿಗೆ ಸೇರಿಸಿದ್ದರು, 1886ರಲ್ಲಿ ಮತ್ತೆ ಬಂತು. ಆ ನಾಲ್ಕು ವರ್ಷದ ಕಾಗದಕ್ಕೆ ಹಾಸನದಲ್ಲಿ ಪರದಾಡಿದರೆ ತಪ್ಪು ಯಾರದು?

ತಾಲೂಕಿನಲ್ಲಿ ಮುಗಿದ ಮೇಲೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ಮೈಸೂರಿನ ವಿಭಾಗೀಯ ಪತ್ರಾಗಾರ. ಅಲ್ಲಿ ನಿಮ್ಮ ಅಜ್ಜ ಸಿಗುವುದಕ್ಕಿಂತ ಅಜ್ಜನ ಕಾಲ ಸಿಗುತ್ತದೆ. ಬರ, ಪ್ಲೇಗು, ಕಾಫಿ ಜಮೀನಿನ ಮಂಜೂರಾತಿ, ಘಟ್ಟದ ರಸ್ತೆ, ಇಂಥವುಗಳ ಕಡತಗಳು. ಗುರುತಿನ ಚೀಟಿ, ಏನು ಬೇಕೆಂದು ಬರೆದ ಕಾಗದ ಒಯ್ಯಿರಿ. ಜನಗಣತಿಯಲ್ಲಿ ಮನೆಯವರ ಹೆಸರು ಸಿಗುತ್ತದೆ ಅಂತ ಮಾತ್ರ ಹೋಗಬೇಡಿ. ಪ್ರಕಟವಾಗಿರುವುದು ಬರೀ ಸಂಖ್ಯೆ.

ಹಾಸನದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋದರೆ 1971ರ ಹಾಸನ ಜಿಲ್ಲಾ ಗ್ಯಾಸೆಟಿಯರ್, ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟ ಕೇಳಿ ನೋಡಿ. ಆ ಸಂಪುಟದಲ್ಲಿ ಮಂಜರಾಬಾದಿನ ಶಾಸನಗಳಿವೆ. ಅಲ್ಲಿ ಸಿಗದಿದ್ದರೆ ಬೆಂಗಳೂರಿನಲ್ಲಿ 1909ರಿಂದ ಇರುವ ಮಿಥಿಕ್ ಸೊಸೈಟಿಯ ಗ್ರಂಥಾಲಯ ಉಂಟು. ಕಾಫಿ ತೋಟದ ಹಳೇ ದಿನಗಳಿಗೆ ಮಂಜರಾಬಾದಿನಲ್ಲೇ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಬರೆದ ಪುಸ್ತಕ ಓದಿ, ದೊರೆಯ ಕಣ್ಣಿನ ಮಾತು ಅನ್ನುವುದನ್ನು ಮರೆಯದೆ ಓದಿ. ಊರಿನ ವೀರಗಲ್ಲು ಸಂಪುಟದಲ್ಲಿ ಇದ್ದಮಾತ್ರಕ್ಕೆ ಆ ವೀರ ನಿಮ್ಮ ಪೂರ್ವಿಕ ಆಗಿಬಿಡುವುದಿಲ್ಲ. 1802ರಲ್ಲಿ ಇಂಗ್ಲಿಷರು ಗಲ್ಲಿಗೇರಿಸಿದ ಐಗೂರಿನ ವೆಂಕಟಾದ್ರಿ ನಾಯಕನ ವಂಶದವರು ನಾವು ಅಂತ ಹೇಳುವ ಆಸೆ ಅನೇಕರಿಗೆ. ಕಾಗದ ಕೂಡಿಬರುವ ತನಕ ಬಾಯಿಗೆ ಬೀಗ ಇರಲಿ. ಆತುರಗಾರನಿಗೆ ಬುದ್ಧಿ ಮಟ್ಟ.

ಇನ್ನು ನಡವಳಿಕೆ. ಕಡತದ ಹಾಳೆ ತಿರುವಲು ಬೆರಳಿಗೆ ಎಂಜಲು ಹಚ್ಚುತ್ತೀರಲ್ಲ, ಅದನ್ನು ಇವತ್ತೇ ಬಿಡಿ. ಪುಸ್ತಕದ ಮೇಲೆ ಕಾಫಿ ಲೋಟ ಇಡಬೇಡಿ, ಪುಟ ಮಡಚಬೇಡಿ, ಫೋಟೋ ತೆಗೆಯುವ ಮುಂಚೆ ಅಪ್ಪಣೆ ಕೇಳಿ. ತೆಗೆದ ಮೇಲೆ ಯಾವ ಪುಸ್ತಕ, ಎಷ್ಟನೆಯ ಪುಟ ಅಂತ ಅಲ್ಲೇ ಬರೆದುಕೊಳ್ಳಿ. ಮನೆಗೆ ಹೋಗಿ ಬರೆಯುತ್ತೇನೆ ಅನ್ನುವವರು ಯಾವತ್ತೂ ಬರೆದದ್ದಿಲ್ಲ. ಬಾಗಿಲಲ್ಲೇ ಮಾಹಿತಿ ಹಕ್ಕಿನ ಹೆಸರು ಎತ್ತಬೇಡಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ, ಮೊದಲು ಒಳ್ಳೆಯ ಮಾತಲ್ಲಿ ಕೇಳಿ. ಆಗಲೂ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಇಟ್ಟು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮುತ್ತಾತನ ಕತೆಯನ್ನೆಲ್ಲ ಅದರಲ್ಲಿ ತುಂಬಬೇಡಿ; ಊರು, ಸರ್ವೆ ನಂಬರ್, ವರ್ಷ ಸಾಕು.

ಮನೆಯ ಕಾಗದಕ್ಕೂ ಮರ್ಯಾದೆ ಕೊಡಿ. ನಮ್ಮ ಮಳೆ, ನಮ್ಮ ಗೆದ್ದಲು ನಿಮಗೆ ಹೇಳಬೇಕೇ? ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಇಡಿ, ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ. ಹರಿದದ್ದಕ್ಕೆ ಸೆಲೋಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ತಾಳೆಗರಿ ಇದ್ದರೆ ತೊಳೆಯಲು ಹೋಗದೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರನ್ನು ಕೇಳಿ. ಫೋಟೋದ ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲಿನಲ್ಲಿ, ಮೆಲ್ಲಗೆ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಮುಂದಿನ ಮುಖಗಳ ಮೇಲೆ ಗೆರೆ ಮೂಡುತ್ತದೆ.