ಫೀಡ್ ಹಾಕುವ ಮೊದಲು

ಪುಟ್ಟೀ,

ಅಜ್ಜಿ ಹೇಳುವ ಕಥೆಗಳನ್ನು ರೆಕಾರ್ಡ್ ಮಾಡಿ, ನಿನ್ನದೇ ಸರ್ವರ್ ಇಟ್ಟು, ಫೀಡ್ ಮೂಲಕ ಎಲ್ಲರಿಗೂ ತಲುಪಿಸುತ್ತೀಯಂತೆ. ನಿನ್ನಪ್ಪ ಫೋನಿನಲ್ಲಿ ಹೇಳಿದ, ತುಂಬ ಖುಷಿಯಾಯಿತು. ಅದಕ್ಕಾಗಿ ಡೇಟಾಬೇಸು, ಡಾಕರ್ರು, ಲಾಗಿನ್ನು ಎಂದು ಮಾರುದ್ದ ಪಟ್ಟಿ ಮಾಡಿಕೊಂಡಿದ್ದೀಯಂತಲ್ಲ, ಅದನ್ನು ಕೇಳಿ ಮಾತ್ರ ಗಾಬರಿಯಾಯಿತು. ಅಷ್ಟೆಲ್ಲ ಬೇಡ ಕಣೇ. ಫೀಡ್ ಎಂದರೆ ಒಂದು ಎಕ್ಸ್‌ಎಂಎಲ್ ಫೈಲು. ಕೇಳಿದವರಿಗೆ ಅದನ್ನು ಎತ್ತಿ ಕೊಡಲು ಎನ್‌ಜಿನ್‌ಎಕ್ಸ್ ಅಥವಾ ಕ್ಯಾಡಿ ಸಾಕು. ಹೊಸ ಕಥೆ ಬಂದಾಗ ಆ ಫೈಲನ್ನು ಮತ್ತೆ ಬರೆಯುವ ಐವತ್ತು ಸಾಲಿನ ಪೈಥಾನ್ ನಿನಗೆ ಒಂದು ಸಂಜೆಯ ಕೆಲಸ.

ಇದು ಹಳೆಯ ವಿದ್ಯೆ. ಐಐಟಿ ಮದ್ರಾಸಿನಲ್ಲಿ ಓದಿದ ಆರ್. ವಿ. ಗುಹಾ ಮತ್ತು ಡ್ಯಾನ್ ಲಿಬ್ಬಿ ನೆಟ್‌ಸ್ಕೇಪ್‌ನಲ್ಲಿದ್ದಾಗ, 1999ರ ಮಾರ್ಚಿನಲ್ಲಿ, ಆರ್‌ಎಸ್‌ಎಸ್ ಎಂಬ ಫೀಡ್ ಮಾದರಿಯ ಮೊದಲ ರೂಪ ಬಂತು. 2000ದ ಕೊನೆಗೆ ಡೇವ್ ವೈನರ್ ಅದಕ್ಕೆ ಆಡಿಯೋ ಲಗತ್ತಿಸುವ 'ಎನ್‌ಕ್ಲೋಷರ್' ಸೇರಿಸಿದ್ದರಿಂದಲೇ ಮುಂದೆ ಪಾಡ್‌ಕಾಸ್ಟ್ ಸಾಧ್ಯವಾಯಿತು. 2005ರಲ್ಲಿ ಮಾನಕವಾದ ಆಟಂ ಎಂಬ ಇನ್ನೊಂದು ಮಾದರಿ ಇದಕ್ಕಿಂತ ಅಚ್ಚುಕಟ್ಟು. ಬರಿಯ ಬರಹವಾಗಿದ್ದರೆ ಅದನ್ನೇ ಹಿಡಿ ಎನ್ನುತ್ತಿದ್ದೆ. ನಿನ್ನದು ಆಡಿಯೋ. ಪಾಡ್‌ಕಾಸ್ಟ್ ಆಪ್‌ಗಳು ನೆಚ್ಚಿರುವುದು ಆರ್‌ಎಸ್‌ಎಸ್ 2.0 ಅನ್ನು. ಅದನ್ನೇ ಹಾಕು, ಯೋಚಿಸುತ್ತ ಕೂರಬೇಡ.

ಯೋಚಿಸಬೇಕಾದ್ದು 'ಜಿಯುಐಡಿ' ಬಗ್ಗೆ. ಒಂದೊಂದು ಕಥೆಗೂ ನೀನು ಕೊಡುವ ಗುರುತು ಅದು. ಕೇಳುಗರ ಆಪ್ ಯಾವುದು ಹೊಸತು, ಯಾವುದು ಕೇಳಿಯಾಗಿದೆ ಎಂದು ತೀರ್ಮಾನಿಸುವುದು ಹೆಚ್ಚಾಗಿ ಅದನ್ನು ನೋಡಿಯೇ. ಶೀರ್ಷಿಕೆ ತಿದ್ದು, ವಿವರಣೆ ತಿದ್ದು, ಆಡಿಯೋ ಫೈಲನ್ನು ಬೇರೆ ಕಡೆ ಸಾಗಿಸು. ಗುರುತು ಮಾತ್ರ ಬದಲಾಗಬಾರದು. ಬದಲಾಯಿತೋ, ಹಳೆಯ ಕಥೆಗಳೆಲ್ಲ ಹೊಸವೆಂಬಂತೆ ಒಮ್ಮೆಲೇ ಎಲ್ಲರ ಫೋನಿಗೂ ಬಂದು ಬೀಳುತ್ತವೆ. ವೆಬ್ ವಿಳಾಸವನ್ನೇ ಗುರುತಾಗಿ ಇಡುವವರಿದ್ದಾರೆ. ನೀನು ಹಾಗೆ ಮಾಡದೆ, ಕಥೆ ಸೇರಿಸಿದ ದಿನವೇ ಒಂದು ಯುಯುಐಡಿ ಹುಟ್ಟಿಸಿ ಬರೆದಿಟ್ಟುಕೋ. ಇದು ಕೊಂಡಿಯಲ್ಲ ಎಂದು ತಿಳಿಸಲು 'ಈಸ್ ಪರ್ಮಾಲಿಂಕ್' ಎಂಬುದಕ್ಕೆ 'ಫಾಲ್ಸ್' ಕೊಡು.

ತಾರೀಕಿನಲ್ಲಿ ನಮ್ಮಂಥವರಿಗೆಂದೇ ಕಾದಿರುವ ಒಂದು ಗುಂಡಿಯಿದೆ. ಆರ್‌ಎಸ್‌ಎಸ್‌ನಲ್ಲಿ ವಾರ, ತಿಂಗಳುಗಳ ಹೆಸರು ಇಂಗ್ಲಿಷಿನಲ್ಲೇ ಇರಬೇಕು. ಕನ್ನಡ ಲೊಕೇಲ್ ಹಾಕಿಕೊಂಡ ಪ್ರೋಗ್ರಾಂ 'ಮಾರ್ಚ್' ಎಂದು ಕನ್ನಡದಲ್ಲೇ ಬರೆದುಬಿಟ್ಟರೆ ಓದುವ ಆಪ್ ತಬ್ಬಿಬ್ಬಾಗುತ್ತದೆ. ಕೊನೆಯಲ್ಲಿ +0530 ಬರೆಯಲು ಮರೆಯಬೇಡ. ಉಳಿದಂತೆ ಕನ್ನಡಕ್ಕೆ ಯುಟಿಎಫ್-8 ಸಾಕು. ಅದರಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ 3 ಬೈಟ್. 'ಕನ್ನಡ' ಎಂಬ ಪದವೊಂದೇ 15 ಬೈಟ್. ಜಿಜಿಪ್ ಚಾಲೂ ಮಾಡಿಬಿಡು, ಫೈಲು ಚೆನ್ನಾಗಿ ಕುಗ್ಗುತ್ತದೆ.

ಇನ್ನು, ಈ ಆಪ್‌ಗಳು ಸುಮ್ಮನೆ ಕೂರುವವಲ್ಲ. ಕಾಂಪೌಂಡ್ ಗೋಡೆಯಾಚೆಯಿಂದ ಪಕ್ಕದ ಮನೆಯವರು 'ಇವತ್ತೇನು ಸಾರು?' ಎಂದು ವಿಚಾರಿಸುವ ಹಾಗೆ ಹೊತ್ತುಹೊತ್ತಿಗೂ ಬಂದು ಕೇಳುತ್ತವೆ. ಪ್ರತಿ ಸಲವೂ ಪಾತ್ರೆ ತಂದು ತೋರಿಸಬೇಕಾಗಿಲ್ಲ, 'ನಿನ್ನೆಯದೇ' ಎಂದರೆ ಆಯಿತು. ಆ ಉತ್ತರದ ಸಂಖ್ಯೆ 304. ಫೈಲಿಗೆ ಇ-ಟ್ಯಾಗನ್ನೂ ಕೊನೆಯ ಬಾರಿ ಬದಲಾದ ಸಮಯವನ್ನೂ ಅಂಟಿಸಿ, ಹೋಲಿಸಿ, 304 ಹೇಳುವ ಕೆಲಸವನ್ನೆಲ್ಲ ಎನ್‌ಜಿನ್‌ಎಕ್ಸ್ ತಾನೇ ಮಾಡುತ್ತದೆ. ಕೇಳಿದಾಗಲೆಲ್ಲ ಫೀಡನ್ನು ಹೊಸದಾಗಿ ಕಟ್ಟಿ ಕೊಡುವ ಪ್ರೋಗ್ರಾಂ ಬರೆದರೆ ಅದೆಲ್ಲ ನಿನ್ನ ತಲೆಗೇ ಬರುತ್ತದೆ. ಬರಿಯ ಫೈಲು ಸಾಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಆ ಫೈಲನ್ನು ನೇರ ತಿದ್ದಲೂಬೇಡ. ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಡಬ್ಲ್ಯೂ3ಸಿಯ ಫೀಡ್ ವ್ಯಾಲಿಡೇಟರಿನಲ್ಲಿ ಪರೀಕ್ಷಿಸಿ, ಆಮೇಲೆ ಹೆಸರು ಬದಲಿಸು. ಅರ್ಧ ಬರೆದದ್ದು ಯಾರ ಕೈಗೂ ಸಿಗುವುದಿಲ್ಲ.

ಮನೆಯ ರಾಸ್ಪ್‌ಬೆರಿ ಪೈನಲ್ಲೇ ನಡೆಸುತ್ತೇನೆ ಎನ್ನಬೇಡ. ನಮ್ಮ ಬ್ರಾಡ್‌ಬ್ಯಾಂಡಿನಲ್ಲಿ ಎಷ್ಟೋ ಮನೆಗಳಿಗೆ ಸ್ವಂತ ಪಬ್ಲಿಕ್ ಐಪಿಯೇ ಇರುವುದಿಲ್ಲ, ಕರೆಂಟಿನ ಕಥೆ ನಿನಗೇ ಗೊತ್ತು. ಸಣ್ಣದೊಂದು ವಿಪಿಎಸ್ ಬಾಡಿಗೆಗೆ ಹಿಡಿ. ಕ್ಯಾಡಿ ಹಾಕಿದರೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟನ್ನು ಅದೇ ತರಿಸಿ ಅದೇ ನವೀಕರಿಸುತ್ತದೆ.

ಡೊಮೈನ್ ಮಾತ್ರ ನಿನ್ನ ಹೆಸರಿನಲ್ಲೇ ಇರಲಿ, ಅದರಲ್ಲಿ ಜಿಪುಣತನ ಬೇಡ. 2013ರ ಜುಲೈ 1ರಂದು ಫೀಡ್ ಓದಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದಾಗ ಓದುಗರು ಬೇರೆ ರೀಡರ್‌ಗಳಿಗೆ ಹೋದರು. ಫೀಡ್‌ಗಳ ವಿಳಾಸ ಇದ್ದಲ್ಲೇ ಇದ್ದುದರಿಂದ ಫೀಡ್‌ಗಳು ಅವರ ಕೈತಪ್ಪಲಿಲ್ಲ. ನಾಳೆ ನೀನು ಸರ್ವರ್ ಬದಲಿಸಿದರೂ ಕೇಳುಗರಿಗೆ ಗೊತ್ತಾಗಬಾರದು.

ಮೊದಲ ಕಥೆ ಹಾಕಿದೊಡನೆ ಫೀಡ್ ವಿಳಾಸ ಕಳಿಸು. ವಾಟ್ಸಾಪಿನಲ್ಲಿ ಆಡಿಯೋ ಕಳಿಸಬೇಡ, ನಾನು ಚಂದಾದಾರನಾಗಿಯೇ ಕೇಳುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ