ಎಡಗಿಡ್ನಿಯ ರಕ್ತನಾಳ ಒತ್ತಿದೆಯಂತೆ: ಆಪರೇಷನ್ ಬೇಕೇ?

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾಳೆ. ಈಚೆಗೆ ಎತ್ತರ ಬೆಳೆದು ತೀರಾ ಸಣ್ಣಗಾಗಿದ್ದಾಳೆ. ಎಡ ಪಕ್ಕೆಯಲ್ಲಿ ನೋವು, ಆಗಾಗ ಮೂತ್ರ ಕೆಂಪಗೆ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಾಣಲಿಲ್ಲ. ಸಿಟಿ ಮಾಡಿಸಿದಾಗ ಎಡಗಿಡ್ನಿಯ ರಕ್ತನಾಳ ಒತ್ತಿಕೊಂಡಿದೆ ಎಂದು ಬರೆದಿದ್ದಾರೆ. ಒಬ್ಬ ಡಾಕ್ಟರು ಆಪರೇಷನ್ ಬೇಕಾಗಬಹುದು ಅಂದರು, ಇನ್ನೊಬ್ಬರು ಏನೂ ಬೇಡ ಅಂದರು. ಯಾರ ಮಾತು ಕೇಳಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಸದ್ಯಕ್ಕೆ ಆಪರೇಷನ್ ಮಾತು ಪಕ್ಕಕ್ಕಿಡಿ, ತಾಯಿ. ಕಾಯಿಲೆ ಇದೇ ಎಂದು ಇನ್ನೂ ಗೊತ್ತಾಗಿಲ್ಲ.

ನಾಳ ಹೀಗೆ ಒತ್ತಿಕೊಂಡು ತೊಂದರೆ ಕೊಡುವುದನ್ನು ನಟ್‌ಕ್ರ್ಯಾಕರ್ ಸಿಂಡ್ರೋಮ್ ಎನ್ನುತ್ತಾರೆ. ಕಿಡ್ನಿಗಳಿಂದ ಹೊರಟ ರಕ್ತ ಬೆನ್ನೆಲುಬಿನ ಬಲಕ್ಕಿರುವ ದೊಡ್ಡ ಅಭಿಧಮನಿಗೆ ಸೇರಬೇಕು. ಬಲಗಿಡ್ನಿಗೆ ಅದು ಹತ್ತಿರ. ಎಡಗಡೆಯ ನಾಳ ಮಾತ್ರ ಮಹಾಪಧಮನಿಯನ್ನು ದಾಟಿ ಹೋಗಬೇಕು. ಅದರ ಮುಂದೆಯೇ ಕರುಳಿಗೆ ರಕ್ತ ಒಯ್ಯುವ ಅಪಧಮನಿ ಇಳಿದಿರುತ್ತದೆ. ಈ ಎರಡು ಅಪಧಮನಿಗಳ ನಡುವೆ ಇರುವ ಕೊಬ್ಬು ಕರಗಿದರೆ ಕೋನ ಕಿರಿದಾಗಿ, ನಾಳ ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಗುತ್ತದೆ. ಹಿಂದೆ ಒತ್ತಡ ಏರಿ, ಕಿಡ್ನಿಯೊಳಗಿನ ಸಣ್ಣ ನಾಳಗಳು ಒಡೆದು ಮೂತ್ರಕ್ಕೆ ರಕ್ತ ಬರುತ್ತದೆ. ಬೇಗ ಎತ್ತರ ಬೆಳೆದ, ತೂಕ ಇಳಿದ ಮಕ್ಕಳಲ್ಲಿ ಇದು ಕಾಣುವುದಕ್ಕೆ ಕಾರಣವೂ ಅದೇ.

ಆದರೆ ಯಾವ ತೊಂದರೆಯೂ ಇಲ್ಲದವರ ಸಿಟಿಯಲ್ಲೂ ಈ ನಾಳ ಒತ್ತಿಕೊಂಡಂತೆ ಕಾಣುವುದುಂಟು. ಅದರಲ್ಲೂ ಅಂಗಾತ ಮಲಗಿಸಿ ತೆಗೆದಾಗ. ಸಿಟಿ ತೋರಿಸುವುದು ಆಕಾರವನ್ನು: ನಾಳ ಹಕ್ಕಿಯ ಕೊಕ್ಕಿನಂತೆ ಚೂಪಾಗಿದೆಯೇ, ಕೋನ ಎಷ್ಟಿದೆ, ಒತ್ತಿದ ಜಾಗಕ್ಕಿಂತ ಹಿಂದೆ ಎಷ್ಟು ಉಬ್ಬಿದೆ. ಕೋನ 40 ಡಿಗ್ರಿಗಿಂತ ಕಡಿಮೆಯಿದ್ದರೆ ಅನುಮಾನ ಬರುತ್ತದೆ, ಅಷ್ಟೇ. ಆ ಒಂದು ಸಂಖ್ಯೆ ನೋಡಿ ಹೊಟ್ಟೆ ಕೊಯ್ಯುವುದನ್ನು ನಾನಂತೂ ಒಪ್ಪುವುದಿಲ್ಲ.

ರಕ್ತ ನಿಜವಾಗಿ ತಡೆದಿದೆಯೇ ಎಂದು ತಿಳಿಯಲು ಡಾಪ್ಲರ್ ಸ್ಕ್ಯಾನ್ ಬೇಕು. ಒತ್ತಿದ ಜಾಗದಲ್ಲಿ ರಕ್ತದ ವೇಗ ಕಿಡ್ನಿಯ ಬಳಿ ಇರುವುದಕ್ಕಿಂತ 5 ಪಟ್ಟು ಅಥವಾ ಹೆಚ್ಚಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ವಿಕಿರಣವಿಲ್ಲ, ಖರ್ಚೂ ಕಡಿಮೆ. ಮಲಗಿಸಿಯೂ ನಿಲ್ಲಿಸಿಯೂ ನೋಡಬಹುದು. ಹೊಟ್ಟೆಯಲ್ಲಿ ಗ್ಯಾಸ್ ತುಂಬಿದ್ದರೆ ಏನೂ ಕಾಣದು, ಖಾಲಿ ಹೊಟ್ಟೆಯಲ್ಲಿ ಹೋಗಿ. ಮಾಡುವವರ ಕೈ ಪಳಗಿರಬೇಕು ಎನ್ನುವುದೂ ನಿಜ. ಸಿಟಿಯನ್ನು ಮತ್ತೆ ಮಾಡಿಸಬೇಡಿ, ಚಿತ್ರ ಬೇಕೇ ಬೇಕಾದರೆ ಎಂಆರ್‌ಐ ಇದೆ.

ಕೊನೆಯ ಪರೀಕ್ಷೆ ವೀನೋಗ್ರಫಿ. ತೊಡೆಸಂದಿಯಿಂದ ತೆಳು ಕೊಳವೆ ತೂರಿಸಿ, ಎಡಗಿಡ್ನಿಯ ನಾಳದಲ್ಲೂ ದೊಡ್ಡ ಅಭಿಧಮನಿಯಲ್ಲೂ ಒತ್ತಡ ಅಳೆಯುತ್ತಾರೆ. ಸಾಮಾನ್ಯವಾಗಿ ವ್ಯತ್ಯಾಸ 1 ಮಿಲಿಮೀಟರ್ ಪಾದರಸದಷ್ಟೂ ಇರದು; 3 ದಾಟಿದರೆ ತಡೆ ಇದೆ ಎಂದು ಹೇಳುತ್ತೇವೆ. ಆಪರೇಷನ್ ಯೋಚನೆ ಗಂಭೀರವಾದಾಗ ಮಾತ್ರ ಇದು ಬೇಕು. ನಿಮ್ಮ ಮಗಳಿಗೆ ಈಗ ಬೇಡ.

ಇದಕ್ಕೆಲ್ಲ ಮೊದಲು ಒಂದು ಅಗ್ಗದ ಪರೀಕ್ಷೆ. ಮುಟ್ಟಿನ ದಿನ ಬಿಟ್ಟು ಮೂತ್ರ ಕೊಟ್ಟು, ಕೆಂಪು ರಕ್ತಕಣಗಳ ಆಕಾರ ನೋಡಿಸಿ. ಕಣಗಳು ಸೊಟ್ಟಗಿದ್ದರೆ ಕಿಡ್ನಿಯ ಸೋಸುಭಾಗದಲ್ಲೇ ತೊಂದರೆ ಇರಬಹುದು. ಆಗ ದಾರಿಯೇ ಬೇರೆ, ನೆಫ್ರಾಲಜಿಸ್ಟ್‌ಗೆ (ಕಿಡ್ನಿ ತಜ್ಞರಿಗೆ) ತೋರಿಸಿ. ಸೋಂಕನ್ನೂ ತಳ್ಳಿಹಾಕಬೇಕು.

ಇದೇ ಕಾಯಿಲೆ ಎಂದು ಖಚಿತವಾದರೂ 18ರೊಳಗಿನವರಲ್ಲಿ ಕನಿಷ್ಠ 2 ವರ್ಷ ಕಾಯುವುದು ರೂಢಿ. ತೂಕ ಏರಿ ಕೊಬ್ಬು ತುಂಬಿದರೆ ಅನೇಕರಲ್ಲಿ ಒತ್ತಡ ತಾನೇ ಇಳಿಯುತ್ತದೆ. ಡಯಟ್ ಗೀಳಿದ್ದರೆ ಬಿಡಿಸಿ, ಹೊಟ್ಟೆ ತುಂಬ ಊಟ ಮಾಡಲಿ. ರಕ್ತ ಗಡ್ಡೆಗಟ್ಟಿ ಬಂದರೆ, ಮೂತ್ರ ಕಟ್ಟಿದರೆ, ಹಿಮೋಗ್ಲೋಬಿನ್ ಇಳಿದರೆ ಮಾತ್ರ ಕಾಯಬೇಡಿ, ಕೂಡಲೇ ತೋರಿಸಿ. ಹೋಗುವಾಗ ರಿಪೋರ್ಟ್ ಹಾಳೆಯ ಜೊತೆ ಸಿಟಿಯ ಸಿಡಿಯನ್ನೂ ಒಯ್ಯಿರಿ. ಕೋನವನ್ನು ಪಕ್ಕದಿಂದ ಅಳೆಯಬೇಕಾದರೆ ಹಾಳೆ ಸಾಲದು.