ಪ್ರಯಾಣವಿಮೆಯ ಅರ್ಜಿಯನ್ನು ತುಂಬುವ ಮುನ್ನ

ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ನಾಮಕರಣಕ್ಕೆಂದೋ ಮೈಸೂರು, ಶಿವಮೊಗ್ಗ, ಧಾರವಾಡಗಳಿಂದ ಅಮೆರಿಕಕ್ಕೆ ಹೊರಡುವ ಹಿರಿಯರ ಸಂಖ್ಯೆ ಈಚೆಗೆ ಅಲ್ಪವಲ್ಲ. ವೀಸಾ ದೊರೆತು, ಟಿಕೆಟು ಕೈಸೇರಿ, ಸಾರಿನಪುಡಿ ಚಟ್ನಿಪುಡಿಗಳನ್ನು ತೂಗಿ ಪೆಟ್ಟಿಗೆ ಕಟ್ಟುವ ಸಂಭ್ರಮದ ನಡುವೆ, ಪ್ರಯಾಣವಿಮೆಯೆಂಬುದು ಮಗನೋ ಅಳಿಯನೋ ಅಲ್ಲಿಂದಲೇ ಕಂಪ್ಯೂಟರಿನ ಮುಂದೆ ಕುಳಿತು ಐದು ನಿಮಿಷದಲ್ಲಿ ಮುಗಿಸಿಬಿಡುವ ಕೆಲಸವಾಗಿರುವುದೇ ಹೆಚ್ಚು. ತಂದೆಗೆ ಸಕ್ಕರೆ ಕಾಯಿಲೆಯುಂಟು, ತಾಯಿ ರಕ್ತದೊತ್ತಡಕ್ಕೆ ನಿತ್ಯವೂ ಮಾತ್ರೆ ಸೇವಿಸುತ್ತಾರೆ ಎಂಬ ಸಂಗತಿಗಳು ಆ ಅವಸರದಲ್ಲಿ ‘ಇಲ್ಲ’ ಎಂಬ ಒಂದು ಗುರುತಿನೊಳಗೆ ಅಡಗಿಹೋಗುತ್ತವೆ. ಮುಂದೆ ವಿವಾದವೆದ್ದಾಗ ನ್ಯಾಯಪೀಠವು ಮೊದಲು ಬಿಚ್ಚಿ ನೋಡುವುದು ಆ ಅರ್ಜಿಯನ್ನೇ.

1938ರ ವಿಮಾ ಅಧಿನಿಯಮವು ಪ್ರಯಾಣದ ರಕ್ಷಣೆಯನ್ನು ಆರೋಗ್ಯವಿಮೆಯ ವ್ಯಾಖ್ಯೆಯೊಳಗೆ ಸೇರಿಸಿರುವುದರಿಂದ, ಆರೋಗ್ಯವಿಮೆಯ ಮೂಲತತ್ತ್ವವು ಇಲ್ಲಿಯೂ ಅನ್ವಯಿಸುತ್ತದೆ. ಸಾಮಾನ್ಯ ವ್ಯಾಪಾರದಲ್ಲಿ ಎಚ್ಚರವಾಗಿರತಕ್ಕವನು ಕೊಳ್ಳುವವನು. ವಿಮೆಯಲ್ಲಿಯಾದರೋ, ದೇಹಸ್ಥಿತಿಯ ಸತ್ಯವು ಕೊಳ್ಳುವವನೊಬ್ಬನಿಗೇ ತಿಳಿದಿರುವ ಕಾರಣ, ಕೇಳಿದ್ದಕ್ಕೆಲ್ಲ ನಿಜವನ್ನು ಹೇಳುವ ಹೊಣೆ ಅವನ ಮೇಲೆ ಬೀಳುತ್ತದೆ. ಆದುದರಿಂದಲೇ ನ್ಯಾಯಶಾಸ್ತ್ರವು ಇದನ್ನು ಪರಮವಿಶ್ವಾಸದ ಕರಾರು ಎಂದು ಕರೆದಿದೆ. ದೀರ್ಘಕಾಲದ ಮಧುಮೇಹವನ್ನೂ ಮೂತ್ರಪಿಂಡದ ವೈಫಲ್ಯವನ್ನೂ ಅರ್ಜಿಯಲ್ಲಿ ಮುಚ್ಚಿಟ್ಟಿದ್ದ ಒಂದು ಮೆಡಿಕ್ಲೇಮ್ ಪ್ರಕರಣದಲ್ಲಿ, ಹಣ ಕೊಡಲು ನಿರಾಕರಿಸಿದ ಕಂಪನಿಯ ನಿಲುವನ್ನು ಸುಪ್ರೀಂ ಕೋರ್ಟು 2009ರಲ್ಲಿ ಎತ್ತಿಹಿಡಿಯಿತು.

ಹೊಣೆಯನ್ನು ನಿರ್ವಹಿಸಿದವನಿಗೆ ಇದೇ ತತ್ತ್ವವು ಹೇಗೆ ರಕ್ಷೆಯಾಗುತ್ತದೆಂಬುದಕ್ಕೆ ನಿದರ್ಶನವಾಗಿ ಮತ್ತೊಂದು ತೀರ್ಪುಂಟು. 2009ರ ಮೇ ತಿಂಗಳಲ್ಲಿ ಬಂಧುಗಳ ಮದುವೆಗೆಂದು ಅಮೆರಿಕಕ್ಕೆ ಹೊರಟ ಒಬ್ಬ ಯಾತ್ರಿಕರು, ತಮಗೆ ಮಧುಮೇಹವಿರುವುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು ವಿದೇಶಯಾತ್ರೆಯ ಪಾಲಿಸಿಯನ್ನು ಪಡೆದಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನನಿಲ್ದಾಣದಲ್ಲಿ ಇಳಿಯುತ್ತಿದ್ದಂತೆಯೇ ಅವರು ಅಸ್ವಸ್ಥರಾದರು. ಹೃದಯದ ರಕ್ತನಾಳಗಳಿಗೆ ಮೂರು ಸ್ಟೆಂಟುಗಳನ್ನು ಅಳವಡಿಸಬೇಕಾಯಿತು. ಮಧುಮೇಹವೂ ರಕ್ತದ ಕೊಬ್ಬಿನ ದೋಷವೂ ಮೊದಲೇ ಇದ್ದವೆಂದೂ, ಕೊಬ್ಬನ್ನು ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಯ ಸಂಗತಿಯನ್ನು ತಿಳಿಸಲಿಲ್ಲವೆಂದೂ ಹೇಳಿ ಕಂಪನಿಯು ಕ್ಲೇಮನ್ನು ತಳ್ಳಿಹಾಕಿತು. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿಯೂ ಯಾತ್ರಿಕರಿಗೆ ಸೋಲಾಯಿತು. ಕೊನೆಗೆ 2021ರ ಡಿಸೆಂಬರಿನಲ್ಲಿ, ನಮ್ಮ ರಾಜ್ಯದ ಉಚ್ಚನ್ಯಾಯಾಲಯದಿಂದ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಬರೆದ ತೀರ್ಪು, ಅರ್ಜಿದಾರನು ತಿಳಿಸಿದ ಕಾಯಿಲೆಯನ್ನು ತೂಗಿನೋಡಿ ಪಾಲಿಸಿಯನ್ನು ಕೊಟ್ಟ ಮೇಲೆ, ಅದೇ ಕಾಯಿಲೆಯನ್ನು ನೆಪವಾಗಿ ಮುಂದೊಡ್ಡಿ ಕಂಪನಿಯು ಹಿಂದೆ ಸರಿಯಲಾಗದೆಂದು ನಿರ್ಣಯಿಸಿತು. ಆ ಯಾತ್ರಿಕರನ್ನು ಕಾಪಾಡಿದ್ದು ಅವರೇ ಬರೆದುಕೊಟ್ಟ ನಿಜ. ಪ್ರೀಮಿಯಂ ಏರುವುದೆಂಬ ಅಂಜಿಕೆಯಿಂದ ಅದನ್ನು ಮರೆಮಾಡಿದ್ದರೆ ಕಥೆ ಬೇರೆಯಾಗುತ್ತಿತ್ತು. ನ್ಯಾಯ ಕೈಗೆಟುಕಲು ಹನ್ನೆರಡು ವರ್ಷ ಹಿಡಿದ ಸಂಗತಿಯನ್ನೂ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಆದ್ದರಿಂದ ಅರ್ಜಿಯನ್ನು ಯಾರು ತುಂಬಿದರೂ, ಯಾರ ದೇಹಕ್ಕೆ ವಿಮೆಯೋ ಅವರ ಎದುರಿನಲ್ಲಿಯೇ, ಮಾತ್ರೆಗಳ ಚೀಟಿಯನ್ನು ಮುಂದಿಟ್ಟುಕೊಂಡು ತುಂಬತಕ್ಕದ್ದು. ಅರ್ಜಿಯ ಭಾಷೆ ತಿಳಿಯದವರಿಗೆ ಅದರ ಒಕ್ಕಣೆಯನ್ನು ವಿವರಿಸಿದವರು, ವಿವರಿಸಿದ್ದೇವೆಂದು ಅದರಲ್ಲಿಯೇ ದೃಢೀಕರಿಸಬೇಕು. ತುಂಬಿದ ಅರ್ಜಿಯ ಪ್ರತಿಯನ್ನು ಕೇಳಿ ಪಡೆದುಕೊಳ್ಳುವುದು ಗ್ರಾಹಕನ ಹಕ್ಕು. ಆರೋಗ್ಯವಿಮೆಗೆ ಮೂವತ್ತು ದಿನಗಳೊಳಗೆ ಹಿಂದಿರುಗಿಸುವ ಸೌಲಭ್ಯವಿದೆಯಲ್ಲವೇ ಎಂದು ನೆಚ್ಚುವಂತಿಲ್ಲ. ಆ ಅನುಕೂಲವು ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಪಾಲಿಸಿಗಳಿಗೆ ದೊರೆಯದು.

ಪಾಲಿಸಿಯ ಆಯ್ಕೆಯಲ್ಲಿ ಜನರು ಮೊದಲು ನೋಡುವುದು ದೊಡ್ಡಕ್ಷರದ ಮೊತ್ತವನ್ನು. ನನ್ನ ಅಭಿಪ್ರಾಯದಲ್ಲಿ ಕೊನೆಗೆ ನೋಡಬೇಕಾದುದು ಅದು. ಅರುವತ್ತು ದಾಟಿದವರಿಗೆ ಮಾರುವ ಅನೇಕ ಪಾಲಿಸಿಗಳಲ್ಲಿ ಒಟ್ಟು ಮೊತ್ತ ಎಷ್ಟೇ ದೊಡ್ಡದಿರಲಿ, ಒಳಗಿನ ಕೋಷ್ಟಕದಲ್ಲಿ ಆಸ್ಪತ್ರೆಯ ಕೊಠಡಿಗೆ ದಿನಕ್ಕೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂಬ ಉಪಮಿತಿಗಳಿರುತ್ತವೆ. ಮಿಕ್ಕ ಬಿಲ್ಲಿಗೆ ಮಗನ ಉಳಿತಾಯವೇ ಗತಿ. ಮೊದಲೇ ಇರುವ ಕಾಯಿಲೆಗೆ ಪ್ರಾಣಾಪಾಯದ ತುರ್ತಿನಲ್ಲಿಯಾದರೂ ರಕ್ಷಣೆಯುಂಟೋ ಇಲ್ಲವೋ, ಪ್ರತಿಯೊಂದು ಕ್ಲೇಮಿನಲ್ಲಿ ನಾವೇ ಭರಿಸತಕ್ಕ ಮೊದಲ ಕಡಿತವೆಷ್ಟು, ವಾಸ್ತವ್ಯ ಮುಂದುವರಿದರೆ ಪಾಲಿಸಿಯನ್ನು ವಿಸ್ತರಿಸಬಹುದೋ ಎಂಬಿವು ಬಳಿಕ ಕೇಳಬೇಕಾದ ಪ್ರಶ್ನೆಗಳು. ಯೂರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕೆಂಬ ನಿಯಮವಿದೆ. ಅದು ವೀಸಾ ಕೊಡುವವರ ಸಮಾಧಾನಕ್ಕೆ ಸಾಕಾದ ಮೊತ್ತವೇ ಹೊರತು ಯಾತ್ರಿಕನಿಗೆ ಸಾಕಾದುದೆಂದು ಭಾವಿಸಲು ಆಧಾರವಿಲ್ಲ.

ಅಮೆರಿಕದ ಕಂಪನಿಯ ಪಾಲಿಸಿಯೋ ಭಾರತದ್ದೋ ಎಂಬ ಪ್ರಶ್ನೆಯನ್ನು ಮಕ್ಕಳು ಬೆಲೆಯ ದೃಷ್ಟಿಯಿಂದ ಮಾತ್ರ ನೋಡುತ್ತಾರೆ. ಕಾನೂನಿನ ದೃಷ್ಟಿಯಿಂದ ಅದಕ್ಕಿಂತ ಗುರುತರವಾದ ಭೇದವೊಂದುಂಟು. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಅಧೀನದಲ್ಲಿರುವ ಕಂಪನಿಯಿಂದ, ಊರು ಬಿಡುವ ಮೊದಲೇ ಕೊಂಡ ಪಾಲಿಸಿಯ ವ್ಯಾಜ್ಯವನ್ನು ಹಿಂದಿರುಗಿ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿಯೇ ಹೂಡಬಹುದು. ಪರದೇಶದ ಕಂಪನಿಯೊಡನೆ ಕಾದಾಡಬೇಕಾದರೆ ಆ ದೇಶದ ಕಟ್ಟಳೆಗಳನ್ನೇ ಅನುಸರಿಸಬೇಕಾದೀತು. ಇಳಿವಯಸ್ಸಿನವರಿಗೆ ತಮ್ಮ ಜಿಲ್ಲೆಯಲ್ಲಿಯೇ ವ್ಯಾಜ್ಯ ಹೂಡುವ ಅನುಕೂಲ ಸಣ್ಣದಲ್ಲ.

ಟಿಕೆಟು ಕೊಳ್ಳುವಾಗ ಕೇಳದೆಯೇ ವಿಮೆಯ ಹಣ ಬಿಲ್ಲಿಗೆ ಸೇರಿದ್ದರೆ ಅದನ್ನು ಸಹಿಸಬೇಕಾಗಿಲ್ಲ. ಗ್ರಾಹಕನ ಒಪ್ಪಿಗೆಯಿಲ್ಲದೆ ಹೀಗೆ ಸೇರಿಸುವುದು, 2023ರ ನವೆಂಬರ್ 30ರಂದು ಹೊರಟ ಕೇಂದ್ರ ಮಾರ್ಗದರ್ಶಿ ಸೂತ್ರಗಳ ಪ್ರಕಾರ ನಿಷಿದ್ಧವಾದ ಕಪಟರೀತಿ. ರೈಲಿನ ಇ-ಟಿಕೆಟಿನೊಡನೆ 45 ಪೈಸೆಗೆ ದೊರೆಯುವ 10 ಲಕ್ಷ ರೂಪಾಯಿಯ ಅಪಘಾತವಿಮೆಯನ್ನು ಮಾತ್ರ ಬೇಡವೆನ್ನುವುದಕ್ಕೆ ನನಗೆ ಕಾರಣ ತೋರದು. ಆದರೆ ಟಿಕೆಟಾದ ಬಳಿಕ ಬರುವ ಕೊಂಡಿಯಲ್ಲಿ ನಾಮಿನಿಯ ಹೆಸರನ್ನು ತುಂಬುವವರು ವಿರಳ.

ಪ್ರವಾಸದಲ್ಲಿ ಆಪತ್ತು ಬಂದೊದಗಿದರೆ, ಪಾಲಿಸಿಯ ಮೇಲಿರುವ ಸಹಾಯವಾಣಿಗೆ ಕೂಡಲೇ ಕರೆಮಾಡಿ ಕ್ಲೇಮಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಚಿಕಿತ್ಸೆಯ ದಾಖಲೆಗಳನ್ನು ಆಸ್ಪತ್ರೆ ಬಿಡುವ ದಿನವೇ ಕೇಳಿ ಪಡೆಯಬೇಕು. ಪೆಟ್ಟಿಗೆ ಬಾರದಿದ್ದರೆ ವಿಮಾನನಿಲ್ದಾಣದಿಂದ ಹೊರಬೀಳುವ ಮುನ್ನ ವಿಮಾನ ಸಂಸ್ಥೆಯಿಂದ ಲಿಖಿತ ವರದಿಯನ್ನೂ, ಪಾಸ್‌ಪೋರ್ಟು ಕಳೆದರೆ ಪೊಲೀಸ್ ವರದಿಯನ್ನೂ ಪಡೆದಿರಬೇಕು.

ಕ್ಲೇಮು ತಿರಸ್ಕೃತವಾಯಿತೆನ್ನೋಣ. ಪಾಲಿಸಿಯ ಯಾವ ಷರತ್ತಿನ ಮೇರೆಗೆ ತಿರಸ್ಕಾರವೆಂಬುದನ್ನು ಕಂಪನಿಯು ಲಿಖಿತವಾಗಿ ತಿಳಿಸತಕ್ಕದ್ದು. ಬಾಯಿಮಾತಿನ ‘ಆಗುವುದಿಲ್ಲ’ವನ್ನು ಒಪ್ಪಬೇಡಿ. ಮೊದಲು ಕಂಪನಿಯ ದೂರುವಿಭಾಗಕ್ಕೇ ಬರೆಯಬೇಕು. ವಿಮಾ ಪ್ರಾಧಿಕಾರದ ‘ಬಿಮಾ ಭರೋಸಾ’ ಎಂಬ ದೂರುವ್ಯವಸ್ಥೆಯ 155255 ಸಂಖ್ಯೆಗೂ ದೂರು ಕೊಡಬಹುದು. ಒಂದು ತಿಂಗಳೊಳಗೆ ಕಂಪನಿಯಿಂದ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ವಿಮಾ ಒಂಬುಡ್ಸ್‌ಮನ್ನರಲ್ಲಿಗೆ ಹೋಗುವ ಹಕ್ಕು ಒಂದು ವರ್ಷದವರೆಗೆ ಇರುತ್ತದೆ. ಕರ್ನಾಟಕದವರಿಗೆ ಆ ಕಚೇರಿಯು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 50 ಲಕ್ಷ ರೂಪಾಯಿಯವರೆಗೆ ಪರಿಹಾರ ಕೊಡಿಸುವ ಅಧಿಕಾರವಿದ್ದು, ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ.

ಇನ್ನೊಂದು ಮಾರ್ಗ ಜಿಲ್ಲಾ ಗ್ರಾಹಕ ಆಯೋಗದ್ದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಅವಕಾಶವಿತ್ತಿದೆ. ವ್ಯಾಜ್ಯಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ಅದು ದಾಖಲಾಗಬೇಕು. ಆಯೋಗದ ಅಧಿಕಾರವ್ಯಾಪ್ತಿಯನ್ನೂ ಶುಲ್ಕವನ್ನೂ ಗಣಿಸುವುದು ಕೇಳುವ ಪರಿಹಾರದ ಮೇಲಲ್ಲ, ತೆತ್ತ ಪ್ರೀಮಿಯಮಿನ ಮೇಲೆ; ಅದು 5 ಲಕ್ಷ ರೂಪಾಯಿಗೆ ಮೀರದಿದ್ದರೆ ಶುಲ್ಕವೇ ಇಲ್ಲ, ಯಾತ್ರೆಯ ಪಾಲಿಸಿಗಳಲ್ಲಿ ಮೀರುವ ಪ್ರಸಂಗವೂ ಬಾರದು. ಆದರೆ ಈ ಎರಡು ದಾರಿಗಳ ಕ್ರಮವನ್ನು ತಪ್ಪಿಸಬಾರದು. ಒಮ್ಮೆ ಗ್ರಾಹಕ ಆಯೋಗದ ಮೆಟ್ಟಿಲೇರಿದ ವಿಷಯವನ್ನು ಒಂಬುಡ್ಸ್‌ಮನ್ನರು ವಿಚಾರಣೆಗೆ ಎತ್ತಿಕೊಳ್ಳಲಾರರು. ಒಂಬುಡ್ಸ್‌ಮನ್ನರ ತೀರ್ಪಿನಿಂದ ಸಮಾಧಾನವಾಗದವರಿಗಾದರೋ, ಎರಡು ವರ್ಷದ ಗಡುವು ಮೀರದಂತೆ ನೋಡಿಕೊಂಡಲ್ಲಿ, ಆಯೋಗದ ಬಾಗಿಲು ತೆರೆದೇ ಇರುತ್ತದೆ.